ಲಕ್ಷ್ಮಿಯ ಅಡುಗೆಮನೆ ಮತ್ತು ಒಡಿಶಾದ ಮಂಡಾ ಪಿಠಾ

ನಾವಿರುವ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಒಡಿಶಾದ ಒಂದು ಸಂಸಾರವಿದೆ. ಯಜಮಾನರು ಪ್ಲಂಬರ್ ಕೆಲಸದವರು, ಕೇಂದ್ರಾಪಡಾ ಜಿಲ್ಲೆಯ ಕಡೆಯವರು. ಬೆಂಗಳೂರಿರಲಿ, ದೆಹಲಿಯಿರಲಿ, ದುಬೈ ಇರಲಿ, ಪೈಪು ಜೋಡಿಸಲು ಬಂದವರನ್ನು ಮಾತಿಗೆಳೆದರೆ ಅವರಲ್ಲಿ ಅನೇಕರು ಇದೇ ಜಿಲ್ಲೆಯ ಪಟ್ಟಾಮುಂಡಾಯಿಯ ಸುತ್ತಮುತ್ತಲಿನವರಾಗಿರುತ್ತಾರೆ. ಕಳೆದ ಮಾರ್ಗಶಿರದ ಒಂದು ಗುರುವಾರ ಆ ಮನೆಯ ಹೆಣ್ಣುಮಗಳು ಸ್ಟೀಲಿನ ಡಬ್ಬಿಯೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಳಗೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ, ಬೆಳ್ಳಗಿನ ಆರು ಉಂಡೆಗಳಿದ್ದವು. ಇನ್ನೂ ಬಿಸಿಯಾಗಿದ್ದವು.

"ದೀದಿ, ಇವತ್ತು ನಮ್ಮಲ್ಲಿ ಲಕ್ಷ್ಮೀಪೂಜೆ. ಇದು ಮಂಡಾ ಪಿಠಾ" ಎಂದರು. ಡಬ್ಬಿ ನನ್ನ ಕೈಗೆ ಬಂದರೂ ಅವರು ತಮ್ಮ ಕೈ ತೆಗೆಯಲಿಲ್ಲ. ಸ್ವಲ್ಪ ತಡೆದು, "ಪ್ರಸಾದ ಅಲ್ಲ ದೀದಿ. ದೇವರ ಮುಂದೆ ಇಡೋದಕ್ಕೆ ಮೊದಲೇ ನಿಮಗೆ ಅಂತ ಬೇರೆ ತೆಗೆದಿಟ್ಟಿದ್ದೆ. ನೀವು ತಿನ್ನಬಹುದು" ಎಂದರು.

ಆ ಮಾತು ನನ್ನನ್ನು ಬಾಲ್ಯಕ್ಕೆ ಎಳೆದುಕೊಂಡು ಹೋಯಿತು. ನಾವು ಚಿಕ್ಕವರಿದ್ದಾಗ ಗಣೇಶನ ಹಬ್ಬಕ್ಕೆ ಎದುರು ಮನೆಯ ಅಜ್ಜಿ ಕಡುಬು ಕಳಿಸುತ್ತಿದ್ದರು. "ಖಾಲಿ ಬರ್ತನ್ ನಕ್ಕೋ ಭೇಜೋ" ಎನ್ನುತ್ತಾ ಅಮ್ಮಿ ಪಾತ್ರೆ ತೊಳೆದು, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದರು. ಈದ್ ಬಂದಾಗ ನಮ್ಮ ಮನೆಯಿಂದ ಅಜ್ಜಿಯ ಮನೆಗೆ ಹೋಗುತ್ತಿದ್ದುದು ಹಸಿ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ. ಅಜ್ಜಿ ತಮ್ಮ ಒಲೆಯ ಮೇಲೆ ಪಾಯಸ ಮಾಡಿಕೊಳ್ಳುತ್ತಿದ್ದರು. ನಾವು ಮಾಡಿದ ಶೀರ್ ಖುರ್ಮಾ ಮಾತ್ರ ಬೀದಿ ದಾಟಿ ಹೋಗುತ್ತಿರಲಿಲ್ಲ. ಎರಡೂ ಮನೆಗಳ ನಡುವೆ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಅಮ್ಮಿ ಒಮ್ಮೆ, "ನಮ್ಮ ಸಾಮಾನು ಹೋಗುತ್ತೆ ಬೇಟಿ, ನಮ್ಮ ಕೈ ಹೋಗಲ್ಲ" ಎಂದದ್ದು ನನ್ನ ಮನಸ್ಸಿನಲ್ಲಿ ಹಾಗೇ ಉಳಿದುಬಿಟ್ಟಿದೆ.

ಮಂಡಾ ಪಿಠಾದ ಬಗ್ಗೆ ಓದುತ್ತಾ, ಕೇಳುತ್ತಾ ಹೋದಂತೆ ನನಗೆ ಅಚ್ಚರಿಯಾಯಿತು. ಈ ತಿಂಡಿಯನ್ನು ಮಾಡುವ ಗುರುವಾರಗಳಂದು ಒಡಿಶಾದ ಹೆಂಗಸರು ಓದುವ ಕಥೆಯಲ್ಲಿಯೂ ಇದೇ ಪ್ರಶ್ನೆಯಿದೆ. ಯಾರ ಕೈಯ ಅಡುಗೆಯನ್ನು ಯಾರು ಉಣ್ಣಬಹುದು? ಐನೂರು ವರ್ಷಗಳ ಹಿಂದೆಯೇ ಒಬ್ಬ ಕವಿ ಅದಕ್ಕೆ ಉತ್ತರ ಕೊಟ್ಟಿದ್ದಾನೆ. ಆ ಉತ್ತರವನ್ನು ಆ ನಾಡು ಎಷ್ಟರಮಟ್ಟಿಗೆ ನಡೆಸಿಕೊಂಡಿತು, ಎಲ್ಲೆಲ್ಲಿ ಎಡವಿತು ಎಂಬುದು ನಮಗೂ ಸಂಬಂಧಪಟ್ಟ ಚರಿತ್ರೆಯೇ ಆಗಿದೆ.

ಕಣಕ, ಹೂರಣ, ಹಬೆ

ಒಡಿಶಾದಲ್ಲಿ ಹಬ್ಬವೆಂದರೆ ಪಿಠಾ. ಸಂಸ್ಕೃತದ 'ಪಿಷ್ಟ', ಅಂದರೆ ಹಿಟ್ಟು ಎಂಬ ಪದದಿಂದ ಬಂದ ಹೆಸರಿದು. ಜೂನ್ ತಿಂಗಳ ನಡುವೆ ಬರುವ ರಜ ಹಬ್ಬಕ್ಕೆ ಸಣ್ಣ ಕೆಂಡದ ಮೇಲೆ ರಾತ್ರಿಯಿಡೀ ಬೇಯುವ ಪೋಡ ಪಿಠಾ. ಮೊದಲು ಹುಟ್ಟಿದ ಮಗುವಿಗೆ ಆರತಿ ಎತ್ತುವ ಪ್ರಥಮಾಷ್ಟಮಿಗೆ ಅರಿಶಿನದ ಎಲೆಯಲ್ಲಿ ಮಡಿಚಿ ಬೇಯಿಸುವ ಎಂಡುರಿ ಪಿಠಾ. ನಮ್ಮ ಕರಾವಳಿಯವರು ನಾಗರಪಂಚಮಿಗೆ ಮಾಡುವ ಅರಿಶಿನ ಎಲೆಯ ಕಡುಬನ್ನು ತಿಂದವರಿಗೆ ಎಂಡುರಿಯ ಪರಿಮಳವನ್ನು ವಿವರಿಸಬೇಕಾಗಿಲ್ಲ. ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಎರಡೂ ಕಡೆ ಅಕ್ಕಿ, ತೆಂಗು, ಬೆಲ್ಲ, ಅರಿಶಿನ ಇರುವಾಗ ಅಡುಗೆಯೂ ಒಂದನ್ನೊಂದು ಹೋಲುವುದು ಸಹಜ.

ಮಂಡಾ ಪಿಠಾ ಶ್ರಾವಣದ ಗಮ್ಹಾ ಪೂರ್ಣಿಮೆಗೂ ಉಂಟು, ಮಾರ್ಗಶಿರದ ಗುರುವಾರಗಳಿಗೂ ಉಂಟು. ಕುದಿಯುವ ನೀರಿಗೆ ಚಿಟಿಕೆ ಉಪ್ಪು ಹಾಕಿ, ಅಕ್ಕಿ ಹಿಟ್ಟು ಸುರಿದು, ಗಂಟಾಗದಂತೆ ತೊಳಸಿ ಕಣಕ ಮಾಡಿಕೊಳ್ಳುತ್ತಾರೆ. ಬಿಸಿ ಇರುವಾಗಲೇ ಅದನ್ನು ನಾದಬೇಕು, ಇಲ್ಲವಾದರೆ ಬೇಯುವಾಗ ಒಡೆಯುತ್ತದೆ. ಒಳಗಿನ ಹೂರಣಕ್ಕೆ ತೆಂಗಿನ ತುರಿ, ಬೆಲ್ಲ, ಏಲಕ್ಕಿ. ಅದರ ಜೊತೆಗೆ ಕರಿಮೆಣಸಿನ ಪುಡಿ. ಅನುಕೂಲಸ್ಥರು ಹಾಲು ಒಡೆಸಿ ತೆಗೆದ ಛೆನಾವನ್ನೂ ಸೇರಿಸುತ್ತಾರೆ. ಒಡಿಯಾದಲ್ಲಿ ಈ ಹೂರಣಕ್ಕೆ 'ಪೂರ' ಎನ್ನುತ್ತಾರೆ. ನಮ್ಮ ಹೂರಣವೂ ಅವರ ಪೂರವೂ ಒಂದೇ ಬಳ್ಳಿಯ ಪದಗಳು. ನಮ್ಮ ಕಡುಬಿಗೂ ಅವರ ಮಂಡಾಕ್ಕೂ ರುಚಿಯಲ್ಲಿ ಕಾಣುವ ವ್ಯತ್ಯಾಸವೆಂದರೆ ಈ ಮೆಣಸು. ಸಿಹಿ ತಿನ್ನುತ್ತಿರುವಾಗಲೇ ಗಂಟಲಲ್ಲಿ ಸಣ್ಣಗೆ ಖಾರ ಏಳುತ್ತದೆ.

ಇಡ್ಲಿ ಪಾತ್ರೆಗಳು ಬರುವುದಕ್ಕೆ ಮೊದಲು ಅಗಲ ಬಾಯಿಯ ಮಡಕೆಗೆ ಅರ್ಧ ನೀರು ತುಂಬಿ, ಬಾಯಿಗೆ ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ಉಂಡೆಗಳನ್ನಿಟ್ಟು ಇನ್ನೊಂದು ಪಾತ್ರೆ ಕವುಚುತ್ತಿದ್ದರು. ಹಳ್ಳಿಗಳಲ್ಲಿ ಈಗಲೂ ಹಾಗೆ ಮಾಡುವವರಿದ್ದಾರೆ. ಎಣ್ಣೆ ಬೇಡ, ಬಾಣಲೆ ಬೇಡ. ಹೊಸ ಅಕ್ಕಿ, ಹಿತ್ತಲ ತೆಂಗಿನಕಾಯಿ, ಒಂದಚ್ಚು ಬೆಲ್ಲ ಇದ್ದರೆ ಬಡವರ ಮನೆಯಲ್ಲೂ ಹಬ್ಬವಾಗುತ್ತದೆ. ಈ ಬಡವರ ಮನೆಯ ಹಬ್ಬವೇ ಮುಂದಿನ ಕಥೆಯ ಬೀಜ.

ಒಲೆ ಹತ್ತದ ದೇವರುಗಳು

ಮಾರ್ಗಶಿರವೆಂದರೆ ಒಡಿಶಾದಲ್ಲಿ ಭತ್ತದ ಕೊಯ್ಲು ಮುಗಿದು ಧಾನ್ಯ ಮನೆ ಸೇರುವ ಕಾಲ. ಆ ತಿಂಗಳ ಪ್ರತಿ ಗುರುವಾರ ಹೆಂಗಸರು 'ಮಾಣಬಸಾ' ಆಚರಿಸುತ್ತಾರೆ. ಮಾಣ ಎಂದರೆ ಭತ್ತ ಅಳೆಯುವ ಪಾತ್ರೆ, ನಮ್ಮ ಸೇರು, ಕೊಳಗ ಇದ್ದಂತೆ. ಹಿಂದಿನ ದಿನವೇ ಮನೆ ಸಾರಿಸಿ, ಅಕ್ಕಿ ಹಿಟ್ಟು ಕಲಸಿದ ನೀರಿನಿಂದ 'ಝೋಟಿ' ಎಂಬ ರಂಗೋಲಿ ಬರೆಯುತ್ತಾರೆ. ಅದರಲ್ಲಿ ಭತ್ತದ ತೆನೆ, ಬಾಗಿಲಿನಿಂದ ಒಳಗೆ ನಡೆದು ಬರುವ ಪುಟ್ಟ ಪಾದಗಳು. ಹೊಸ ಭತ್ತ ತುಂಬಿದ ಮಾಣವನ್ನು ಮಣೆಯ ಮೇಲಿಟ್ಟು ಅದನ್ನೇ ಲಕ್ಷ್ಮಿ ಎಂದು ಪೂಜಿಸುತ್ತಾರೆ. ಪುರೋಹಿತರ ಅಗತ್ಯವಿಲ್ಲ. ಮನೆಯ ಹೆಂಗಸೇ ಪೂಜೆ ಮಾಡಿ, ಪಿಠಾ ನೈವೇದ್ಯವಿಟ್ಟು, ಬಲರಾಮ ದಾಸನ 'ಲಕ್ಷ್ಮೀ ಪುರಾಣ'ವನ್ನು ಗಟ್ಟಿಯಾಗಿ ಓದುತ್ತಾಳೆ.

ಕಥೆ ಹೀಗಿದೆ. ಮಾರ್ಗಶಿರದ ಗುರುವಾರ ಲಕ್ಷ್ಮಿ ಪತಿ ಜಗನ್ನಾಥನ ಅಪ್ಪಣೆ ಪಡೆದು ಊರು ನೋಡಲು ಹೊರಡುತ್ತಾಳೆ. ಉಳ್ಳವರ ಮನೆಗಳಲ್ಲಿ ಕಸ ಗುಡಿಸಿಲ್ಲ, ಹೆಂಗಸರು ಇನ್ನೂ ಎದ್ದಿಲ್ಲ. ಊರ ಹೊರಗೆ, ಬೀದಿ ಗುಡಿಸುವ ಶ್ರೀಯಾ ಎಂಬ ಹೆಂಗಸಿನ ಗುಡಿಸಲು ಮಾತ್ರ ಸಾರಿಸಿ, ರಂಗೋಲಿ ಬರೆದು, ದೀಪ ಹಚ್ಚಿಕೊಂಡು ಕಾದಿದೆ. ಪುರಾಣ ಅವಳನ್ನು 'ಚಂಡಾಳುಣಿ' ಎಂದೇ ಕರೆಯುತ್ತದೆ. ಲಕ್ಷ್ಮಿ ಅಲ್ಲಿ ಪಾದವಿಟ್ಟು ಅವಳ ಪೂಜೆಯನ್ನು ಸ್ವೀಕರಿಸುತ್ತಾಳೆ. ಬೇಟೆಯಿಂದ ಮರಳುತ್ತಿದ್ದ ಭಾವ ಬಲಭದ್ರ ಅದನ್ನು ಕಾಣುತ್ತಾನೆ. ಮೈಲಿಗೆಯಾದ ಹೆಂಡತಿಯನ್ನು ಒಳಗೆ ಬಿಟ್ಟುಕೊಳ್ಳಬೇಡವೆಂದು ತಮ್ಮನಿಗೆ ಆಜ್ಞೆ ಮಾಡುತ್ತಾನೆ. ಜಗನ್ನಾಥ ಮೊದಲು ಅನುನಯದ ಮಾತಾಡಿದರೂ ಕೊನೆಗೆ ಅಣ್ಣನಿಗೆ ಎದುರಾಡಲಾರದೆ ಹೆಂಡತಿಯನ್ನು ಬಾಗಿಲಾಚೆ ನಿಲ್ಲಿಸುತ್ತಾನೆ.

ಲಕ್ಷ್ಮಿ ಅಳುತ್ತಾ ಕೂರುವುದಿಲ್ಲ. ಒಡವೆಗಳನ್ನು ಕಳಚಿಟ್ಟು, ಹನ್ನೆರಡು ವರ್ಷ ಅನ್ನವಿಲ್ಲದೆ ಅಲೆಯಿರಿ, ಚಂಡಾಳುಣಿಯ ಕೈಯಿಂದ ಉಣ್ಣುವ ತನಕ ನಿಮಗೆ ಅನ್ನ ಸಿಗದಿರಲಿ ಎಂದು ಶಪಿಸಿ ಹೊರಡುತ್ತಾಳೆ. ಸಮುದ್ರ ತೀರದಲ್ಲಿ ತನಗೊಂದು ಮನೆ ಕಟ್ಟಿಸಿಕೊಳ್ಳುತ್ತಾಳೆ. ಬೇತಾಳಗಳನ್ನು ಕಳಿಸಿ ದೇವಾಲಯದ ಅಡುಗೆಮನೆ, ಉಗ್ರಾಣಗಳನ್ನು ಬರಿದು ಮಾಡಿಸುತ್ತಾಳೆ. ಜಗದೊಡೆಯರಾದ ಅಣ್ಣತಮ್ಮಂದಿರು ಬ್ರಾಹ್ಮಣ ಭಿಕ್ಷುಕರ ವೇಷದಲ್ಲಿ ಮನೆಮನೆ ತಿರುಗಿದರೂ ತುತ್ತು ಸಿಗುವುದಿಲ್ಲ. ಜನ ಅವರನ್ನು ಕಳ್ಳರೆಂದು ಅಟ್ಟುತ್ತಾರೆ. ಕೊನೆಗೆ ಸಮುದ್ರ ತೀರದ ಆ ಮನೆಗೆ ಬಂದು ನಿಂತಾಗ, ಇದು ಚಂಡಾಲರ ಮನೆ ಎಂದು ದಾಸಿಯರು ಎಚ್ಚರಿಸುತ್ತಾರೆ.

ಆಗ ಅವರು ಹೇಳುವ ಮಾತನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಾಗಾದರೆ ನಮಗೆ ಪಾತ್ರೆ, ಅಕ್ಕಿ, ಬೇಳೆ ಕೊಡಿ, ನಾವೇ ಬೇಯಿಸಿಕೊಳ್ಳುತ್ತೇವೆ ಎನ್ನುತ್ತಾರೆ ದೇವರುಗಳು! ಎದುರು ಮನೆಯ ಅಜ್ಜಿಗೆ ಅಮ್ಮಿ ಕಳಿಸುತ್ತಿದ್ದ ಹಸಿ ಶಾವಿಗೆ ನೆನಪಾಯಿತು. ಲಕ್ಷ್ಮಿ ಸಾಮಾನು ಕೊಡಿಸುತ್ತಾಳೆ. ಆದರೆ ಬೆಂಕಿಗೆ ಉರಿಯದಿರುವಂತೆ ಹೇಳಿಬಿಡುತ್ತಾಳೆ. ಎಷ್ಟು ಊದಿದರೂ ಒಲೆ ಹತ್ತುವುದಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾದ ಮೇಲೆ ಹಸಿವು ಗೆದ್ದು, ಬೇಯಿಸಿದ್ದನ್ನೇ ಕೊಡಿ ಎಂದು ಕೇಳುತ್ತಾರೆ. ಉಂಡ ಮೇಲೆ ಅದು ಯಾರ ಕೈಯ ಅಡುಗೆ ಎಂಬುದು ತಿಳಿಯುತ್ತದೆ. ಜಗನ್ನಾಥ ಕ್ಷಮೆ ಕೇಳುತ್ತಾನೆ. ಲಕ್ಷ್ಮಿ ತಿರುಗಿ ಬರಲು ಷರತ್ತು ಹಾಕುತ್ತಾಳೆ: ಇನ್ನು ಮುಂದೆ ಪುರಿಯಲ್ಲಿ ಬ್ರಾಹ್ಮಣನಿಂದ ಚಂಡಾಲನವರೆಗೆ ಎಲ್ಲರೂ ಒಟ್ಟಿಗೆ ಕುಳಿತು, ಒಬ್ಬರ ಕೈಯಿಂದ ಒಬ್ಬರು ಕಸಿದು ಉಣ್ಣಬೇಕು.

ಮೈಲಿಗೆಯನ್ನು ಖಂಡಿಸಿದ ಕಥೆಗಳು ಭಾರತದಲ್ಲಿ ಬೇರೆಯೂ ಇವೆ. ದೇವರನ್ನೇ ಉಪವಾಸ ಕೆಡವಿ ಪಾಠ ಕಲಿಸಿದ ಹೆಂಡತಿಯ ಕಥೆ ವಿರಳ. ಕವಿ ದೊಡ್ಡ ತತ್ವವನ್ನು ಹೇಳಹೋಗಲಿಲ್ಲ. ಒಲೆಯೂ ಉಗ್ರಾಣವೂ ಹೆಣ್ಣಿನ ಕೈಯಲ್ಲಿದೆ, ಅವಳು ಎದ್ದು ಹೋದರೆ ಗಂಡಸರ ಧರ್ಮಶಾಸ್ತ್ರ ಹೊಟ್ಟೆ ತುಂಬಿಸುವುದಿಲ್ಲ ಎಂದು ತೋರಿಸಿದನು. ಗುರುವಾರಗಳಂದು ಹೆಂಗಸರು ಈ ಕಥೆಯನ್ನು ಐನೂರು ವರ್ಷ ಕಾಪಾಡಿಕೊಂಡು ಬಂದದ್ದರ ಗುಟ್ಟು ಇಲ್ಲಿದೆ ಎಂದು ನನಗನಿಸುತ್ತದೆ.

ಕೃಷ್ಣದೇವರಾಯನ ಕಾಲದ ಕವಿ

ಬಲರಾಮ ದಾಸ ಒಡಿಯಾ ಸಾಹಿತ್ಯದ 'ಪಂಚಸಖ'ರಲ್ಲಿ ಹಿರಿಯ. ಜಗಮೋಹನ ರಾಮಾಯಣವನ್ನು ಬರೆದವನೂ ಅವನೇ. ಆತ ಬದುಕಿದ್ದುದು ಗಜಪತಿ ಪ್ರತಾಪರುದ್ರದೇವನ ಕಾಲದಲ್ಲಿ. ಈ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ವಿಜಯನಗರದ ಕೃಷ್ಣದೇವರಾಯ 1513ರಿಂದ ಕೆಲವು ವರ್ಷ ದಂಡೆತ್ತಿ ಹೋಗಿ ಉದಯಗಿರಿ, ಕೊಂಡವೀಡು ಕೋಟೆಗಳನ್ನು ಗೆದ್ದದ್ದು ಈ ಪ್ರತಾಪರುದ್ರನಿಂದಲೇ. ಉದಯಗಿರಿಯಿಂದ ತಂದ ಬಾಲಕೃಷ್ಣನಿಗೆ ಹಂಪಿಯಲ್ಲಿ ಗುಡಿ ಕಟ್ಟಿಸಿದ, ಕೊನೆಗೆ ಗಜಪತಿಯ ಮಗಳನ್ನೇ ಮದುವೆಯಾದ. ಇತ್ತ ಗಜಪತಿಗಳೂ ಕಡಿಮೆಯೇನಲ್ಲ. 'ನವಕೋಟಿ ಕರ್ಣಾಟ ಕಲಬರ್ಗೇಶ್ವರ' ಎಂಬುದು ಅವರ ಬಿರುದಾವಳಿಯ ಭಾಗವಾಗಿತ್ತು. ನಮ್ಮ ಕಲಬುರಗಿಯ ಹೆಸರು ಪುರಿಯ ಅರಸರ ಬಿರುದಿನಲ್ಲಿ ಸೇರಿಕೊಂಡದ್ದು ಹೀಗೆ.

ರಾಜರು ಕೋಟೆಗಳಿಗಾಗಿ ಬಡಿದಾಡುತ್ತಿದ್ದ ಆ ದಿನಗಳಲ್ಲಿ ಈ ಕವಿ ಅಡುಗೆಮನೆಯ ಕಥೆ ಬರೆದ. ಸಂಸ್ಕೃತ ಬಲ್ಲವರು ಶಾಸ್ತ್ರವನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾಗ ಪಂಚಸಖರು ಅದನ್ನು ಆಡುಮಾತಿಗೆ ತಂದರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಶರಣರು ದಾಸೋಹದ ಪಂಕ್ತಿಯಲ್ಲಿ ಮಾಡಲು ಹೊರಟ ಕೆಲಸಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಅಲ್ಲಿಯ ಕೋಟೆಗಳು ಈಗ ಪಾಳು ಬಿದ್ದಿವೆ, ಮಂಡಾ ಪಿಠಾ ಮಾತ್ರ ಪ್ರತಿ ಮಾರ್ಗಶಿರದಲ್ಲೂ ಬೇಯುತ್ತಿದೆ.

ಮಹಾಪ್ರಸಾದ ಮತ್ತು ಸಾಲಬೇಗ

ಲಕ್ಷ್ಮಿಯ ಷರತ್ತು ಪುಸ್ತಕದಲ್ಲೇ ಉಳಿಯಲಿಲ್ಲ ಎಂಬುದು ಗಮನಾರ್ಹ. ಪುರಿಯ ದೇವಾಲಯದ ಅಡುಗೆಮನೆಯಲ್ಲಿ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ ಅನ್ನ, ಬೇಳೆ ಬೇಯಿಸುತ್ತಾರೆ. ನೈವೇದ್ಯವಾದ ಮೇಲೆ ಅದು ಮಹಾಪ್ರಸಾದ. ಆವರಣದ ಆನಂದ ಬಜಾರಿನಲ್ಲಿ ಅದನ್ನು ಕೊಂಡು, ಜಾತಿ ಕೇಳದೆ ಒಂದೇ ಎಲೆಯಲ್ಲಿ ಉಣ್ಣುವ ಪದ್ಧತಿ ಇಂದಿಗೂ ಇದೆ. ಅಲ್ಲಿ ಎಂಜಲು ಮೈಲಿಗೆಯ ಮಾತಿಲ್ಲ. ಬೇರೆ ಬೇರೆ ಜಾತಿಯ ಇಬ್ಬರು ಮಹಾಪ್ರಸಾದವನ್ನು ಪರಸ್ಪರ ಬಾಯಿಗಿಟ್ಟು ಜೀವನಪರ್ಯಂತ ಸ್ನೇಹಿತರಾಗುವ ರೂಢಿಯೂ ಉಂಟು. ಅಂಥವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದೆ 'ಮಹಾಪ್ರಸಾದ' ಎಂದೇ ಕರೆಯುತ್ತಾರೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತೆ, ಒಳಗೆ ಎಲೆ ಒಂದೇ ಆದರೂ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಮುಸ್ಲಿಮರಿಗೆ ಈ ದೇವಾಲಯದ ಒಳಗೆ ಪ್ರವೇಶವಿಲ್ಲ. ಇದಕ್ಕೆ ಇತಿಹಾಸದ ಕಹಿಯೂ ಒಂದಿಷ್ಟು ಸೇರಿದೆ. 1568ರಲ್ಲಿ ಬಂಗಾಳದ ಸುಲೈಮಾನ್ ಕರ್ರಾನಿಯ ಸೇನಾನಿ ಕಾಲಾಪಹಾಡ ಪುರಿಯ ಮೇಲೆ ನಡೆಸಿದ ದಾಳಿಯನ್ನು ಒಡಿಶಾ ಮರೆತಿಲ್ಲ. ಅದನ್ನು ಮುಚ್ಚಿಟ್ಟು ಸೌಹಾರ್ದದ ಮಾತಾಡುವುದು ಪ್ರಾಮಾಣಿಕತೆಯಾಗಲಾರದು.

ಅದಾಗಿ ನೂರು ವರ್ಷ ಕಳೆಯುವ ಮೊದಲೇ ಅದೇ ಪುರಿಯಲ್ಲಿ ಸಾಲಬೇಗ ಬಂದ. ಮೊಗಲ್ ಅಧಿಕಾರಿ ಲಾಲ್‌ಬೇಗನ ಮಗ, ತಾಯಿ ಬ್ರಾಹ್ಮಣ ವಿಧವೆ. ಯುದ್ಧದ ಗಾಯದಿಂದ ನರಳುತ್ತಿದ್ದಾಗ ತಾಯಿಯ ಮಾತಿನಂತೆ ದೇವರನ್ನು ನೆನೆದು ಗುಣಮುಖನಾದನೆಂದೂ, ಅಂದಿನಿಂದ ಜಗನ್ನಾಥನ ಭಕ್ತನಾದನೆಂದೂ ಐತಿಹ್ಯ ಹೇಳುತ್ತದೆ. ಅವನ ಭಜನೆಗಳನ್ನು ಹಾಡದ ಒಡಿಯಾ ಮನೆಯಿಲ್ಲ. ಆದರೆ ಗುಡಿಯೊಳಗೆ ಅವನಿಗೂ ಪ್ರವೇಶವಿರಲಿಲ್ಲ. ವರ್ಷಕ್ಕೊಮ್ಮೆ ದೇವರೇ ಬೀದಿಗೆ ಬರುವ ರಥಯಾತ್ರೆಗೆ ಕಾಯಬೇಕಿತ್ತು. ದೂರದಿಂದ ಬರುತ್ತಿದ್ದ ಅವನು ತಲುಪುವ ತನಕ ಒಮ್ಮೆ ರಥ ಕದಲಲೇ ಇಲ್ಲವೆಂದು ಜನ ನಂಬುತ್ತಾರೆ. ಪುರಿಯ ದೊಡ್ಡ ಬೀದಿಯಲ್ಲಿ ಅವನ ಸಮಾಧಿಯಿದೆ. ಇಂದಿಗೂ ಜಗನ್ನಾಥನ ರಥ ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತದೆ.

ಪೀರರ ಶಿರ್ನಿ, ಫಕೀರನ ಜೋಳಿಗೆ

ಬಾಗಿಲು ಮುಚ್ಚಿದಲ್ಲಿ ಜನ ಬೇರೆ ಅಂಗಳ ಹುಡುಕಿಕೊಂಡರು. 2011ರ ಜನಗಣತಿಯ ಪ್ರಕಾರ ಒಡಿಶಾದಲ್ಲಿ ಮುಸ್ಲಿಮರು ಶೇಕಡ 2.17ರಷ್ಟು ಮಾತ್ರ. ಆದರೂ ಅಲ್ಲಿನ ಹಳ್ಳಿಗಳಲ್ಲಿ ಸತ್ಯಪೀರನ ಹೆಸರು ಕೇಳದವರು ಕಡಿಮೆ. ಹಿಂದೂಗಳಿಗೆ ಆತ ಸತ್ಯನಾರಾಯಣ, ಮುಸ್ಲಿಮರಿಗೆ ಪೀರ. ಕವಿಕರ್ಣನೆಂಬ ಕವಿ ಇವನ ಮಹಿಮೆಯನ್ನು ಹದಿನಾರು 'ಪಾಲಾ'ಗಳಲ್ಲಿ ಹಾಡಿದ್ದಾನೆ. ಸತ್ಯಪೀರನ ನೈವೇದ್ಯದ ಹೆಸರು 'ಶಿರ್ನಿ'. ಇದು ಫಾರಸಿಯ 'ಶೀರೀನಿ', ಅಂದರೆ ಸಿಹಿ. ಹಿಟ್ಟು, ಹಾಲು, ಬೆಲ್ಲ, ಬಾಳೆಹಣ್ಣು ಕಲಸಿ ಮಾಡುವ ಈ ಶಿರ್ನಿಯನ್ನು ಎರಡೂ ಸಮುದಾಯದವರು ಅಂಗೈ ಚಾಚಿ ಇಸಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಸತ್ಯನಾರಾಯಣ ಪೂಜೆಗೆ ರವೆ, ಹಾಲು, ಸಕ್ಕರೆ, ಬಾಳೆಹಣ್ಣಿನ ಸಪಾದಭಕ್ಷ್ಯ ಮಾಡುವವರು ಈ ಹೋಲಿಕೆಯನ್ನು ಗಮನಿಸಬಹುದು. ಕಟಕ್ ನಗರದ ಕದಮ್ ರಸೂಲ್ ದರ್ಗಾಕ್ಕೂ ಇಬ್ಬರೂ ನಡೆದುಕೊಂಡು ಬಂದಿದ್ದಾರೆ.

ಆಧುನಿಕ ಒಡಿಯಾ ಗದ್ಯದ ಪಿತಾಮಹ ಎನಿಸಿಕೊಂಡ ಫಕೀರ ಮೋಹನ ಸೇನಾಪತಿಯ ಹೆಸರಿನಲ್ಲೇ ಈ ಇತಿಹಾಸವಿದೆ. 1843ರಲ್ಲಿ ಬಾಲಸೋರ್‌ನಲ್ಲಿ ಹುಟ್ಟಿದ ಆತನ ಮೂಲ ಹೆಸರು ವ್ರಜಮೋಹನ. ತಂದೆತಾಯಿಯನ್ನು ಕಳೆದುಕೊಂಡ ಮಗು ಕಾಯಿಲೆ ಬಿದ್ದಾಗ ಅಜ್ಜಿ ಊರಿನ ಪೀರರಿಗೆ ಹರಕೆ ಹೊತ್ತಳು. ಮಗು ಉಳಿದರೆ ನಿಮ್ಮ ಫಕೀರನನ್ನಾಗಿ ಮಾಡುತ್ತೇನೆ ಎಂದಳು. ಮಗು ಉಳಿಯಿತು. ಇದ್ದೊಬ್ಬ ಮೊಮ್ಮಗನನ್ನು ಬಿಟ್ಟುಕೊಡಲಾಗದೆ ಅವಳು ಅವನ ಹೆಸರನ್ನೇ ಫಕೀರ ಮೋಹನ ಎಂದು ಬದಲಿಸಿ, ಪ್ರತಿ ಮೊಹರಂನಲ್ಲಿ ಫಕೀರನ ವೇಷ ಹಾಕಿಸಿ, ಜೋಳಿಗೆ ಕೊಟ್ಟು ಭಿಕ್ಷೆಗೆ ಕಳಿಸುತ್ತಿದ್ದಳು. ಬಂದ ಅಕ್ಕಿಯನ್ನು ಮಾರಿ ಆ ಹಣದಲ್ಲಿ ಪೀರರಿಗೆ ಶಿರ್ನಿ ಮಾಡಿಸುತ್ತಿದ್ದಳು. ಆತ ತನ್ನ ಆತ್ಮಚರಿತ್ರೆಯಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾನೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮೊಹರಂಗೆ ಫಕೀರರಾಗುವ ಹಿಂದೂ ಮಕ್ಕಳನ್ನು ನೋಡಿ ಬೆಳೆದವರಿಗೆ ಈ ಪುಟಗಳು ತಮ್ಮೂರಿನವೇ ಅನಿಸುತ್ತವೆ.

ಛತ್ರದ ಅನ್ನ ಉಂಡವರು

ಫಕೀರ ಮೋಹನನಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಒಡಿಶಾದ ಮೇಲೆ ಬರ ಬಂದೆರಗಿತು. 1865ರಲ್ಲಿ ಮಳೆ ಕೈಕೊಟ್ಟಿತು. ಬ್ರಿಟಿಷ್ ಅಧಿಕಾರಿಗಳು ಅಕ್ಕಿ ತರಿಸಲು ತಡ ಮಾಡಿದರು. ವರ್ತಕರೇ ತರುತ್ತಾರೆಂದು ಕಾದು ಕುಳಿತರು. 1866ರ ಮಳೆಗಾಲ ಶುರುವಾದ ಮೇಲೆ ಹಡಗುಗಳು ತೀರ ಮುಟ್ಟುವುದೂ ಕಷ್ಟವಾಯಿತು. ಸುಮಾರು ಹತ್ತು ಲಕ್ಷ ಜನ, ಅಂದರೆ ಅಲ್ಲಿನ ಮೂವರಲ್ಲಿ ಒಬ್ಬರು ಸತ್ತರೆಂದು ಅಂದಾಜು. ಒಡಿಯಾದಲ್ಲಿ ಇದನ್ನು 'ನಅಂಕ ದುರ್ಭಿಕ್ಷ' ಎನ್ನುತ್ತಾರೆ.

ಬದುಕಿದವರಲ್ಲಿ ಸಾವಿರಾರು ಜನರನ್ನು ಉಳಿಸಿದ್ದು ಅಲ್ಲಲ್ಲಿ ತೆರೆದ ಅನ್ನಛತ್ರಗಳು. ಅಲ್ಲಿ ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬರ ಕಳೆದು ಊರಿಗೆ ಮರಳಿದಾಗ ಅವರಿಗೆ ಸಿಕ್ಕಿದ್ದೇನು? ಬಹಿಷ್ಕಾರ. ಕಂಡವರ ಕೈಯ ಗಂಜಿ ಕುಡಿದವರು ಜಾತಿಗೆಟ್ಟರು ಎಂದು ಅವರ ಬಂಧುಗಳೇ ಬಾಗಿಲು ಹಾಕಿಕೊಂಡರು. ಹೀಗೆ ಹೊರಗುಳಿದವರದೇ ಒಂದು ಪ್ರತ್ಯೇಕ ಗುಂಪಾಗಿ 'ಛತ್ರಖಿಯಾ' ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಛತ್ರದಲ್ಲಿ ಉಂಡವರು ಎಂದು ಅದರ ಅರ್ಥ.

ಎಂತಹ ವಿಪರ್ಯಾಸ ನೋಡಿ. ದೇವರೇ ಹಸಿವು ತಾಳಲಾರದೆ ಚಂಡಾಲರ ಮನೆಯ ಅನ್ನ ಉಂಡ ಕಥೆಯನ್ನು ಮಾರ್ಗಶಿರದ ಗುರುವಾರಗಳಂದು ಓದುತ್ತಾ ಬಂದ ಊರುಗಳವು. ಅದೇ ಊರುಗಳು ಹಸಿದು ಉಂಡ ತಮ್ಮವರನ್ನು ಹೊರಗಿಟ್ಟವು. ಪುರಾಣ ದೇವರಿಗೆ ಕೊಟ್ಟ ರಿಯಾಯಿತಿಯನ್ನು ಸಮಾಜ ಮನುಷ್ಯರಿಗೆ ಕೊಡಲಿಲ್ಲ.

1934ರಿಂದ 2006ರವರೆಗೆ

1934ರ ಮೇ ತಿಂಗಳಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಒಡಿಶಾದ ಪಾದಯಾತ್ರೆಯನ್ನು ಆರಂಭಿಸಿದ್ದು ಪುರಿಯಿಂದಲೇ. ದಲಿತರಿಗೆ ತೆರೆಯದ ಗುಡಿಯೊಳಗೆ ತಾನೂ ಹೋಗಲಾರೆ ಎಂಬುದು ಅವರ ನಿಲುವಾಗಿತ್ತು. 1938ರ ಮಾರ್ಚ್‌ನಲ್ಲಿ ಪುರಿಯ ಸಮೀಪದ ಡೆಲಾಂಗ್‌ನಲ್ಲಿ ಗಾಂಧಿ ಸೇವಾ ಸಂಘದ ಸಭೆ ನಡೆದಾಗ ಕಸ್ತೂರಬಾ ಮತ್ತು ಇನ್ನೂ ಕೆಲವರು ದೇವಾಲಯಕ್ಕೆ ಹೋಗಿ ಬಂದರು. ಸುದ್ದಿ ತಿಳಿದ ಗಾಂಧೀಜಿ ತೀವ್ರವಾಗಿ ನೊಂದುಕೊಂಡರು. ಎಲ್ಲರೂ ಒಂದೇ ಎಲೆಯಲ್ಲಿ ಉಣ್ಣಬೇಕೆಂದು ಲಕ್ಷ್ಮಿ ಷರತ್ತು ಹಾಕಿದ್ದ ಗುಡಿಯ ಹೊರಗೆ ಶ್ರೀಯಾಳ ಮಕ್ಕಳು ಆಗಲೂ ನಿಂತೇ ಇದ್ದರು.

ಸ್ವಾತಂತ್ರ್ಯಾನಂತರ ಕಾನೂನು ಬದಲಾಯಿತು. ಎಲ್ಲ ಊರುಗಳೂ ಬದಲಾಗಲಿಲ್ಲ. ನಮ್ಮ ಮಹಡಿಯ ಸಂಸಾರದ ಕೇಂದ್ರಾಪಡಾ ಜಿಲ್ಲೆಯಲ್ಲೇ ಕೆರೆಡಾಗಡ ಎಂಬ ಊರಿದೆ. ಅಲ್ಲಿಯ ಜಗನ್ನಾಥ ದೇವಾಲಯದಲ್ಲಿ ದಲಿತರು ಗೋಡೆಯ ಕಿಂಡಿಗಳ ಮೂಲಕ ದೇವರನ್ನು ನೋಡಬೇಕಾಗಿತ್ತು. ಉಡುಪಿಯ ಕನಕನ ಕಿಂಡಿಯ ಕಥೆ ಬಲ್ಲ ನಮಗೆ ಇದು ಹೊಸದಲ್ಲ. 2005ರಲ್ಲಿ ಕೆಲವು ದಲಿತ ಹೆಣ್ಣುಮಕ್ಕಳು ಒಳಗೆ ಕಾಲಿಟ್ಟಾಗ ದೊಡ್ಡ ಗಲಾಟೆಯಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯದ ಆದೇಶದ ನಂತರ, ಪೊಲೀಸರ ಕಾವಲಿನಲ್ಲಿ, 2006ರ ಡಿಸೆಂಬರ್‌ನಲ್ಲಿ ದಲಿತರು ಮೊದಲ ಬಾರಿಗೆ ಒಳಗೆ ಹೋದರು. ಡಿಸೆಂಬರ್ ಎಂದರೆ ಮಾರ್ಗಶಿರದ ಆಸುಪಾಸು, ಮಾಣಬಸಾದ ಕಾಲ!

ನಮ್ಮ ದಸ್ತರ್‌ಖಾನ್

ಇದನ್ನೆಲ್ಲ ಬರೆಯುವಾಗ ನಾವು ಹೊರಗೆ ನಿಂತು ಬೇರೆಯವರ ಮನೆಯ ಕಸ ಎಣಿಸುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವುದು ಸುನ್ನತ್ ಎಂದು ನಾವು ಹೆಮ್ಮೆಪಡುತ್ತೇವೆ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತೇವೆ. ಆದರೆ ನಮ್ಮಲ್ಲೂ ಅಶ್ರಾಫರೆಂದೂ ಅರ್ಜಾಲರೆಂದೂ ವಿಂಗಡಿಸಿದವರಿದ್ದಾರೆ. ಹತ್ತಿ ಹಿಂಜುವವರು, ಮಾಂಸ ಕಡಿಯುವವರು, ಮೈಲು ಹೊರುವವರು ಎಂದು ಗುರುತಿಸಿ, ಸಾಲಿನಲ್ಲಿ ಜಾಗ ಕೊಟ್ಟವರೇ ಮದುವೆಯ ಮಾತು ಬಂದಾಗ ಖಾನ್‌ದಾನ್ ವಿಚಾರಿಸುತ್ತಾರೆ. ಪಂಕ್ತಿಯೊಂದಾದರೂ ಸಂಬಂಧ ಬೇರೆಯೇ ಉಳಿಯುತ್ತದೆ.

ಇನ್ನೊಂದು ಸಂಗತಿಯೂ ಇದೆ. ಅಕ್ಕಪಕ್ಕದ ಮನೆಗಳ ನಡುವೆ ಓಡಾಡುತ್ತಿದ್ದ ಡಬ್ಬಿಗಳು ಈಚಿನ ವರ್ಷಗಳಲ್ಲಿ ಕಡಿಮೆಯಾಗುತ್ತಿವೆ. ಶಿರ್ನಿ, ಫಾತಿಹಾ, ಪ್ರಸಾದ ಯಾವುದು ಸರಿ, ಯಾವುದು ತಪ್ಪು ಎಂಬ ಚರ್ಚೆ ನಮ್ಮ ಮನೆಗಳಲ್ಲೂ ಬಿಸಿಯೇರಿದೆ. ಅಂದು ಮಂಡಾ ಪಿಠಾ ತಟ್ಟೆಗೆ ಬಂದಾಗ ನಮ್ಮ ಮನೆಯಲ್ಲೂ ಒಂದು ಪ್ರಶ್ನೆ ಎದ್ದಿತು. ದೇವರ ಮುಂದೆ ಇಟ್ಟದ್ದೋ ಅಲ್ಲವೋ ಎಂದು ಹಿರಿಯರೊಬ್ಬರು ಕೇಳಿದರು. ಅವರ ನಂಬಿಕೆಯನ್ನು ನಾನು ಹೀಗಳೆಯಲಾರೆ. ಶ್ರದ್ಧೆಯ ಎಲ್ಲೆಗಳು ಪ್ರತಿಯೊಬ್ಬರಿಗೂ ಇರುತ್ತವೆ. ಆದರೆ ಆ ಎಲ್ಲೆಯನ್ನು ನಮಗಿಂತ ಮೊದಲೇ ಮಹಡಿಯ ಹೆಣ್ಣುಮಗಳು ಯೋಚಿಸಿದ್ದರಲ್ಲವೇ? ಅವರ ಕಡೆಯ ಕೆಲವು ಮನೆಗಳಲ್ಲಿ ಮಾಣಬಸಾದ ಪ್ರಸಾದವನ್ನು ಹೊರಗಿನವರಿಗೆ ಕೊಡುವುದಿಲ್ಲವಂತೆ. ಅದರ ಜೊತೆ ಲಕ್ಷ್ಮಿಯೂ ಹೋಗಿಬಿಡುತ್ತಾಳೆ ಎಂಬ ಭಯ. ಮದುವೆಯಾಗಿ ಹೋದ ಮಗಳಿಗೂ ಕೊಡದವರಿದ್ದಾರೆ. ಆಕೆ ತಮ್ಮ ಮನೆಯ ನೇಮವನ್ನೂ ಮುರಿಯದೆ, ನಮ್ಮ ನಂಬಿಕೆಯನ್ನೂ ಇಕ್ಕಟ್ಟಿಗೆ ಸಿಲುಕಿಸದೆ, ಪೂಜೆಗೆ ಮುನ್ನ ಆರು ಉಂಡೆ ಬೇರೆ ತೆಗೆದಿಟ್ಟಿದ್ದರು. ಸೌಹಾರ್ದದ ಬಗ್ಗೆ ನಾನು ಕೇಳಿದ ಯಾವ ಭಾಷಣದಲ್ಲೂ ಇಷ್ಟು ಸೂಕ್ಷ್ಮವಿರಲಿಲ್ಲ. ಈ ಮಾತು ಹೇಳಿದ ಮೇಲೆ ಹಿರಿಯರೇ ಮೊದಲ ಉಂಡೆಯನ್ನು ಕೈಗೆತ್ತಿಕೊಂಡರು.

ಡಬ್ಬಿ ತೊಳೆದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿದೆ. ಹಳೆಯ ಅಭ್ಯಾಸ. ಆಮೇಲೆ ಯಾಕೋ ಮನಸ್ಸು ಒಪ್ಪದೆ ಸಕ್ಕರೆಯನ್ನು ತೆಗೆದು, ಡಬ್ಬಿಯನ್ನು ನಮ್ಮಲ್ಲೇ ಇಟ್ಟುಕೊಂಡೆ. ರಂಜಾನ್ ಮುಗಿಯುತ್ತಾ ಬಂದಾಗ ಮೆಟ್ಟಿಲ ಮೇಲೆ ಸಿಕ್ಕ ಅವರನ್ನು ಸಂಕೋಚದಿಂದಲೇ ಕೇಳಿದೆ. "ಈದ್‌ಗೆ ಶೀರ್ ಖುರ್ಮಾ ಕಳಿಸಬೇಕೆಂದಿದ್ದೀನಿ. ಶಾವಿಗೆ, ಸಕ್ಕರೆ ಕೊಡಲಾ ಅಥವಾ..."

ನಾನು ಮಾತು ಮುಗಿಸುವ ಮೊದಲೇ ಅವರು ನಕ್ಕುಬಿಟ್ಟರು. "ಮಾಡಿದ್ದನ್ನೇ ಕೊಡಿ ದೀದಿ. ನನಗೆ ಅದನ್ನ ಮಾಡೋಕೆ ಎಲ್ಲಿ ಬರುತ್ತೆ?"